ಅಪ್ಪನ ಡಗ್ಗಾ, ನನ್ನ ಡಿಕ್ಕಿ

"ನಿನ್ನ ಗಾಡಿಯೊಳಗ ಡಗ್ಗಾ ಇಲ್ಲ."

ನನ್ನ ಹೊಸ ಕಾರಿನಲ್ಲಿ ಮೊದಲ ಸಲ ಕುಳಿತ ಅಪ್ಪ ಆಡಿದ ಮೊದಲ ಮಾತು ಇದು. ಜನ ಹೊಸ ಗಾಡಿ ಕಂಡರೆ ಆವರೇಜ್ ಕೇಳುತ್ತಾರೆ. ಏನೂ ತೋಚದಿದ್ದರೆ ಬಣ್ಣಕ್ಕಾದರೂ ಹೆಸರಿಡುತ್ತಾರೆ. ನಮ್ಮಪ್ಪ ಕಿಸೆಯಿಂದ ಕ್ಯಾಸೆಟ್ ತೆಗೆದು ಸ್ಟೀರಿಯೊಗೆ ಹಾಕಿಸಿದ. ಬೈಲಹೊಂಗಲದ ಬಸ್ ಸ್ಟ್ಯಾಂಡ್ ದಾಟುವುದರೊಳಗೆ ತೀರ್ಪು ಹೊರಬಿತ್ತು.

ತಬಲಾ ಜೋಡಿಯಲ್ಲಿ ಎಡಗೈಗೆ ಸಿಗುವ ದಪ್ಪನೆಯದು ಡಗ್ಗಾ. ಘುಂ ಅನ್ನುವುದು ಅದೇ. ಅಪ್ಪ ಸಾಲಿ ಮಾಸ್ತರ, ಈಗ ರಿಟೈರ್ಡ್. ಮುನವಳ್ಳಿಯಲ್ಲಿದ್ದಷ್ಟು ದಿನ ಸೋಮವಾರದ ಭಜನೆಗೆ ಅವನದೇ ತಬಲಾ, ಗಂಗಪ್ಪ ಕಾಕಾನದು ಹಾರ್ಮೋನಿಯಂ. ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ ಕಾಕಾ ಎಲ್ಲರೆದುರೇ ಅಂದುಬಿಟ್ಟರಂತೆ: ಮಾಸ್ತರ, ನಿಮ್ಮ ಬಲಗೈ ಬಂಗಾರ, ಎಡಗೈ ಮಾತ್ರ ಹಿಂದ ಬೀಳತೈತಿ. ಅಪ್ಪ ತಬಲಾ ಬಗಲಲ್ಲಿ ಇಟ್ಟುಕೊಂಡು ಎದ್ದು ಬಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಭಜನೆಗೆ ತಬಲಾ ಇಲ್ಲ. ಆಮೇಲೆ ಅಪ್ಪ ಬೈಲಹೊಂಗಲಕ್ಕೆ ನನ್ನ ಮನೆಗೆ ಬಂದ, ಸಿಟ್ಟನ್ನೂ ಜೊತೆಗೇ ತಂದ.

ಆ ರಾತ್ರಿಯ ಭಜನೆಯನ್ನು ಯಾರೋ ಟೇಪ್ ಮಾಡಿದ್ದರು. ಅದೇ ಈ ಕ್ಯಾಸೆಟ್, ಅಪ್ಪನ ಸಾಕ್ಷಿ. ಆದರೆ ಅದರ ಹಣೆಬರಹ ನೋಡಿ. ಯಾವ ಮಿಶಿನ್‌ಗೆ ಹಾಕಿದರೂ ತಾಳ ಕೇಳಿಸುತ್ತದೆ, ಹಾರ್ಮೋನಿಯಂ ಕೇಳಿಸುತ್ತದೆ, ಬಲಗೈಯ ಟಣಟಣ ಕೇಳಿಸುತ್ತದೆ. ಜಗಳ ಬಿದ್ದ ಎಡಗೈ ಮಾತ್ರ ಇಲ್ಲವೇ ಇಲ್ಲ. ಕಾರಿನ ಸ್ಟೀರಿಯೊ ಆದರೂ ಕೇಳಿಸೀತು ಅಂತ ಮುದುಕ ಕಾದಿದ್ದ.

ನಾನು ಮಾಡಿದ ತಪ್ಪೆಂದರೆ ಈ ಸುದ್ದಿಯನ್ನು ಮಕ್ತುಮನ ಮುಂದೆ ಹೇಳಿದ್ದು. ಮಕ್ತುಮ ಸೀಟ್ ಕವರ್, ಹಾರ್ನ್, ಸ್ಪೀಕರ್ ಕೂರಿಸುವವನು. ಕಂಪನಿ ಸ್ಟೀರಿಯೊಗೆ ಬಾಯಿ ಮಾತ್ರ ಇರುತ್ತದೆ, ಹೊಟ್ಟೆ ನಾವೇ ಹಾಕಬೇಕು ಅಂದ. ಹೊಟ್ಟೆ ಅಂದರೆ ಸಬ್ ವೂಫರ್, ಘುಂ ಅನ್ನುವ ದಪ್ಪ ಸಪ್ಪಳಕ್ಕೆಂದೇ ಇರುವ ಸ್ಪೀಕರ್. ಒಂದು ತಾಸಿನ ಕೆಲಸ ಅಂದವನು ಮುಂಜಾನೆಯಿಂದ ಸಂಜೆಯ ನಮಾಜಿನವರೆಗೆ ನನ್ನ ಗಾಡಿಯ ಕರುಳು ಬಗೆದು ಇಟ್ಟಿದ್ದ. ಬ್ಯಾಟರಿಯಿಂದ ಹಿಂದಿನವರೆಗೆ ಮ್ಯಾಟಿನ ಕೆಳಗೆ ವೈರು. ಹಿಂದಿನ ಸ್ಪೀಕರಿನ ವೈರು ಕಡಿದು ಅದಕ್ಕೊಂದು ಜಾಯಿಂಟು. ಡಿಕ್ಕಿಯ ತುಂಬಾ ಕರಿ ಬಟ್ಟೆ ಸುತ್ತಿದ ಒಂದು ಡಬ್ಬಿ. ಎಲ್ಲ ಮುಗಿದ ಮೇಲೆ ಮೂರು ಸ್ಕ್ರೂ ಉಳಿದವು. ಎಲ್ಲಿಯವಪ್ಪಾ ಇವು ಅಂದರೆ, ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಅಂದ.

ಆಮೇಲಿನದನ್ನು ಏನು ಹೇಳಲಿ? ಆಕ್ಸಿಲರೇಟರ್ ಒತ್ತಿದರೆ ಡಬ್ಬಿಯೂ ಗುಂಯ್ ಅನ್ನತೊಡಗಿತು. ಪೇಪರ್ ಹಾಕುವವನು ನಂಬರ್ ಪ್ಲೇಟ್ ಅಲುಗುವ ಸಪ್ಪಳ ಕೇಳಿಯೇ ನಾನು ಬಂದೆ ಅಂತ ಗುರುತು ಹಿಡಿಯತೊಡಗಿದ. ಹೂಲಿಯಿಂದ ಹೆಂಡತಿಯ ತವರಿನವರು ಕೊಟ್ಟ ಜೋಳದ ಚೀಲ ಹಿಂದಿನ ಸೀಟಿನಲ್ಲಿ ಬೀಗರಂತೆ ಕುಳಿತು ಬಂತು. (ಹೆಂಡತಿ ಅದರ ಪಕ್ಕ, ಮುಖ ತಿರುಗಿಸಿಕೊಂಡು.)

ಇಷ್ಟಾದರೂ ಅಪ್ಪ ಕ್ಯಾಸೆಟ್ ಹಾಕಲು ಬಿಟ್ಟನೇ? ಇಲ್ಲ. ಗಂಗಪ್ಪನ ಮುಂದೆಯೇ ಕೇಳಬೇಕು, ನಾವಷ್ಟೇ ಕೇಳಿದರೆ ಅದು ಸಾಕ್ಷಿ ಹೇಗಾದೀತು ಅಂದ. ಹನ್ನೊಂದು ವರ್ಷ ಕಾದವನಿಗೆ ಇನ್ನೊಂದು ವಾರ ಯಾವ ಲೆಕ್ಕ?

ಭಾನುವಾರ ಮುನವಳ್ಳಿಗೆ ಹೊರಟೆವು. ಚಚಡಿ ಹತ್ತಿರ ಟಯರ್ ಪಂಕ್ಚರ್. ಸ್ಟೆಪ್ನಿ ಎಲ್ಲಿ? ಡಬ್ಬಿಯ ಕೆಳಗೆ. ಡಬ್ಬಿಗೆ ಎಂಟು ಸ್ಕ್ರೂ. ನನ್ನ ಹತ್ತಿರ ಸ್ಕ್ರೂಡ್ರೈವರ್ ಇಲ್ಲ. ಪುಣ್ಯಾತ್ಮರೊಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ ಪಾನಾ ಪೆಟ್ಟಿಗೆ ಕೊಟ್ಟರು, ಪೆಟ್ಟಿಗೆಯ ಜೊತೆ ನಗೆಯನ್ನೂ ಕೊಟ್ಟರು. ನಾನು ಬಿಸಿಲಲ್ಲಿ ಬೆವರು ಸುರಿಸುತ್ತಿದ್ದರೆ ಅಪ್ಪ ಬೇವಿನ ನೆರಳಲ್ಲಿ ನಿಂತು, ಲಗೂ ಮಾಡು, ಗಂಗಪ್ಪ ಊಟಾ ಮಾಡಿ ಮಲಗತಾನ ಅಂತಿದ್ದ. ನನಗೆ ಎಂಥ ಸಿಟ್ಟು ಬಂತೆಂದರೆ, ಡಬ್ಬಿಯನ್ನು ಅಲ್ಲೇ ಹೊಲದಲ್ಲಿ ಒಗೆದು ಬರಬೇಕೆನಿಸಿತು.

ಮುನವಳ್ಳಿಯಲ್ಲಿ ಅಪ್ಪ ಗಾಡಿಯಿಂದ ಇಳಿಯಲಿಲ್ಲ. ನಾನೇ ಕಾಕಾನ ಮನೆಯೊಳಗೆ ಹೋಗಿ ಕೈಮುಗಿದೆ. ಶೇಂಗಾ ಸುಲಿಯುತ್ತಿದ್ದ ಗಂಗಪ್ಪ ಕಾಕಾ ಏನೂ ಕೇಳದೆ ಧೋತರ ಝಾಡಿಸಿಕೊಂಡು ಎದ್ದರು, ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಅಪ್ಪ ಹಿಂದೆ ತಿರುಗಲಿಲ್ಲ. ಎರಡು ಮಾರು ದೂರವೂ ಇಲ್ಲದ ಮನುಷ್ಯನಿಗೆ ನನ್ನ ಮೂಲಕ ಹೇಳಿದ:

"ಅವಂಗ ಹೇಳು. ನನ್ನ ಎಡಗೈ ತಪ್ಪಿದ್ರ ಇನ್ನ ನಾ ತಬಲಾ ಮುಟ್ಟಂಗಿಲ್ಲ."

ಗಾಜು ಏರಿಸಿ ಕ್ಯಾಸೆಟ್ ಹಾಕಿದೆ. ಹಾರ್ಮೋನಿಯಂ ಬಂತು, ತಾಳ ಬಂತು. ಆಮೇಲೆ ನಿಜವಾಗಿಯೂ ಬಂತು, ಘುಂ! ಬೆನ್ನಿಗೇ ಬಡಿಯಿತು. ಮಕ್ತುಮನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಕನ್ನಡಿಯಲ್ಲಿ ನೋಡಿದರೆ ಕಾಕಾನ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು.

ಎರಡನೇ ನುಡಿಗೆ ಲಯ ಏರಿತು. ತಾಳ ಬೀಳುವುದು, ಅದರ ಹಿಂದೆ ಡಗ್ಗಾ ಬರುವುದು, ಬಿಟ್ಟ ಬಸ್ಸಿನ ಹಿಂದೆ ಓಡುವವನ ಹಾಗೆ. ಸಂಗೀತದ ಗಂಧ ಗಾಳಿ ಇಲ್ಲದ ನನಗೇ ತಿಳಿಯಿತು. ಕಾಕಾನ ಬೆರಳು ನಿಂತಿತು. ಅಪ್ಪ ಕಣ್ಣು ಮಿಟುಕಿಸದೆ ಮುಂದಿನ ಗಾಜನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಾಗಿತ್ತು. ನನಗೆ ಅಯ್ಯೋ ಅನಿಸಿತು. ಬಂದ್ ಮಾಡಲು ಕೈ ಚಾಚಿದರೆ ಅಪ್ಪ ಕೈ ಹಿಡಿದ. ಪದ ಮುಗಿಯುವವರೆಗೂ ಬಿಡಲಿಲ್ಲ.

"ಏನಂತಿ, ಗಂಗಪ್ಪ?" ಅಪ್ಪ ಕೇಳಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ನೇರವಾಗಿ.

"ನನಗೇನೂ ಕೇಳಸಲಿಲ್ಲ ಮಾಸ್ತರ," ಅಂದರು ಕಾಕಾ. "ಬರೇ ತಾಳ ಕೇಳತೈತಿ. ಡಗ್ಗಾ ಎಲ್ಲೈತಿ ಇದರಾಗ?"

ಏನು? ಇಡೀ ಓಣಿಗೆ ಕೇಳಿಸಿದ್ದು ಡಬ್ಬಿಗೆ ಆತು ಕುಳಿತ ಈ ಮನುಷ್ಯನಿಗೆ ಕೇಳಿಸಲಿಲ್ಲವೇ? ನಾನು ಬಾಯಿ ತೆರೆದೆ. ಹಿಂದಿನಿಂದ ಒಂದು ಕೈ ನನ್ನ ಭುಜವನ್ನು ಗಟ್ಟಿಯಾಗಿ ಒತ್ತಿತು. ಬಾಯಿ ಮುಚ್ಚಿದೆ.

ಭಜನೆ ಈಗಲೂ ಎಂಟಕ್ಕೇನಾ ಅಂತ ಅಪ್ಪ ಕೇಳಿದ. ಎಂಟಕ್ಕೇ, ತಬಲಾ ಇಲ್ಲದೆ ಬಣಬಣ ಅನ್ನುತ್ತದೆ, ಬನ್ನಿ ಅಂದರು ಕಾಕಾ. ಇಳಿದು ಹೋಗುವಾಗ ಅಪ್ಪನ ಕಡೆಯ ಬಾಗಿಲ ಹತ್ತಿರ ಒಂದು ಕ್ಷಣ ನಿಂತರು.

ಊರು ದಾಟಿದ ಮೇಲೆ ಅಪ್ಪ ಕ್ಯಾಸೆಟ್ ತೆಗೆದು ಕಿಸೆಗೆ ಇಟ್ಟುಕೊಂಡ. "ಆ ಡಬ್ಬಿ ತಗಸಿಬಿಡು," ಅಂದ. "ಅದರಾಗ ಏನೂ ಕೇಳಸಂಗಿಲ್ಲ."

ಈಗ ಮಕ್ತುಮ, ತೂತು ಕೊರೆದಾಗಿದೆ, ವೈರು ಕಡಿದಾಗಿದೆ, ತೆಗೆದರೆ ಇದ್ದ ಬಾಯಿಯೂ ಹೋಗುತ್ತದೆ ಅನ್ನುತ್ತಿದ್ದಾನೆ. ಹೆಂಡತಿ ಡಿಕ್ಕಿ ಕೇಳುತ್ತಿದ್ದಾಳೆ. ಸೋಮವಾರ ಬಂದರೆ ಅಪ್ಪ ಐದಕ್ಕೇ ತಯಾರಾಗಿ ತಬಲಾ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕುಳಿತಿರುತ್ತಾನೆ. (ಡ್ರೈವರ್ ಯಾರು ಅಂತ ಬೇರೆ ಹೇಳಬೇಕೇ?) ಎಡಗೈ ಇನ್ನೂ ಹಿಂದೆಯೇ ಬೀಳುತ್ತದೆ. ಕಾಕಾ ಈಗ ಹಾರ್ಮೋನಿಯಂ ಅನ್ನೇ ಒಂದಿಷ್ಟು ತಡೆದು ನುಡಿಸುತ್ತಾರೆ.

ಗಾಡಿ ಕೊರೆಸಿ, ಡಿಕ್ಕಿ ಕಳೆದುಕೊಂಡು, ಬಿಸಿಲಲ್ಲಿ ಬೆಂದು ನಾನು ಸಬ್ ವೂಫರ್ ಹಾಕಿಸಿದ್ದು, ಒಬ್ಬ ಮನುಷ್ಯ ಅದರ ಪಕ್ಕದಲ್ಲೇ ಕುಳಿತು 'ಏನೂ ಕೇಳಿಸಲಿಲ್ಲ' ಎಂದು ಹೇಳಲೆಂದೇ?