“ರಕ್ತ ಬರ್ತಿದೆಯಾ?” ಎಂದು ಕೇಳುವ ಹಲ್ಲುಕಡ್ಡಿಯವಳು

ಕಾವೊಲಾಕ್ ಪೇಟೆಯ ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ದಿಬೋರ್ ಫಾಯ್ ಮೊರ ಮುಂದಿಟ್ಟು ಕೂತಾಗಿದೆ. ಮೊರದ ತುಂಬ ಗೇಣುದ್ದದ ಹಲ್ಲುಕಡ್ಡಿಗಳು. ಜಾಲಿಯದು ಒಂದು ಕಡೆ, ಹುಣಸೆಯದು ಇನ್ನೊಂದು ಕಡೆ, ನಡುವೆ ಬೇವಿನದು. ಚಾಕುವಿನಿಂದ ತುದಿಯ ತೊಗಟೆ ಕೆತ್ತಿ ಕೊಡುತ್ತಾಳೆ. ಗಿರಾಕಿ ಅಲ್ಲೇ ಜಗಿದು ನೋಡುತ್ತಾನೆ. ಅವನು ಕಡ್ಡಿಯನ್ನು ಬಾಯಿಂದ ತೆಗೆದ ಕೂಡಲೇ ದಿಬೋರ್ ಅದರ ತುದಿ ನೋಡುತ್ತಾಳೆ.

“ರಕ್ತ ಬರ್ತಿದೆಯಲ್ಲ, ಯಾವಾಗಿಂದ?”

“ನಿನ್ನ ಕಡ್ಡಿ ಗಟ್ಟಿ ಕಣಕ್ಕ. ಮೆತ್ತಂದು ಕೊಡು.”

“ಕಡ್ಡೀದೇನೂ ತಪ್ಪಿಲ್ಲ ಅಣ್ಣ. ಆಸ್ಪತ್ರೇಲಿ ಸಕ್ಕರೆ ನೋಡಿಸ್ಕೊ.”

ಗಿರಾಕಿ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಾನೆ. ಬೆಳಬೆಳಗ್ಗೆ ಕಾಯಿಲೆಯ ಹೆಸರೆತ್ತುವವಳ ಹತ್ತಿರ ಯಾರು ತಾನೇ ನಿಲ್ಲುತ್ತಾರೆ? ಹತ್ತು ಹೆಜ್ಜೆ ಆಚೆ ಇನ್ನೊಬ್ಬಳ ಮೊರದ ಮುಂದೆ ಮಾತು, ನಗು, ಗುಂಪು. ದಿಬೋರ್ ಮುಂದೆ ನೊಣ. ಮೊದಲೆಲ್ಲ ದಿನಕ್ಕೆ ಇನ್ನೂರು ಕಡ್ಡಿ ಹೋಗುತ್ತಿದ್ದವು, ಈಗ ಎಂಬತ್ತು ಹೋದರೆ ಹೆಚ್ಚು. ಆ ಎಂಬತ್ತರಲ್ಲಿ ಆರೇಳರ ತುದಿ ಕೆಂಪಾಗಿರುತ್ತದೆ.

ಐವತ್ತೆರಡರ ಈ ಹೆಂಗಸಿಗೆ ಮಕ್ಕಳಿಲ್ಲ. ಗಂಡ ಲಾತಿರ್ ಕಡಲೆಕಾಯಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ದಿನಕ್ಕೆ ಮೂರು ಸುತ್ತು ಚಹಾ, ಸುತ್ತು ಸುತ್ತಿಗೂ ಧಾರಾಳ ಸಕ್ಕರೆ. ಊರಿಗೆ ಊರೇ ಹಾಗೆ ಕುಡಿಯುತ್ತದೆ. ಅವನ ವಸಡಿನಲ್ಲಿ ರಕ್ತ ಕಂಡಾಗ ದಿಬೋರ್ ಜಾಲಿ ಬಿಡಿಸಿ ಹುಣಸೆ ಕೊಟ್ಟಳು, ಹುಣಸೆ ಬಿಡಿಸಿ ಬೇವು ಕೊಟ್ಟಳು. ಎರಡು ವರ್ಷ ಮರ ಬದಲಾಯಿಸಿದ್ದೇ ಬಂತು. ಹಲ್ಲುಗಳು ಅಲ್ಲಾಡಿ ಒಂದೊಂದಾಗಿ ಉದುರಿದವು. ಆಮೇಲೆ ಕಾಲಿನ ಗಾಯ ಮಾಯಲೇ ಇಲ್ಲ. ಆಸ್ಪತ್ರೆಗೆ ಹೊತ್ತೊಯ್ಯುವಷ್ಟರಲ್ಲಿ ಕೈಮೀರಿತ್ತು.

“ಊರೋರ ಬಾಯಿಗೆಲ್ಲ ಕಡ್ಡಿ ಕೊಟ್ಟೋಳು ನಾನು. ನನ್ನ ಗಂಡನ ಬಾಯಲ್ಲಿ ಏನಾಗ್ತಿದೆ ಅಂತ ನಂಗೇ ಗೊತ್ತಾಗ್ಲಿಲ್ಲ,” ಎನ್ನುತ್ತಾಳೆ. ಇದನ್ನು ಹೇಳುವಾಗ ಅವಳ ಚಾಕು ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ಹಲ್ಲು ನೋಡುವ ನರ್ಸ್ ಅಂದು ಹೇಳಿದ್ದು ಅವಳಿಗೆ ಬಾಯಿಪಾಠ. “ಸಕ್ಕರೆ ಏರಿದ್ರೆ ವಸಡು ಕೆಡುತ್ತಂತೆ. ವಸಡು ಕೆಟ್ರೆ ಸಕ್ಕರೆ ಇಳಿಯೋಕೆ ಬಿಡಲ್ವಂತೆ. ರಕ್ತ ಬಂದೋರಿಗೆಲ್ಲ ಸಕ್ಕರೆ ಇರಲ್ಲ, ಆದ್ರೆ ಒಂದ್ಸಲ ನೋಡಿಸ್ಕೊಂಡ್ರೆ ಗಂಟೇನು ಹೋಗುತ್ತೆ?” ಅಂದಿನಿಂದ ನಾಲ್ಕು ವರ್ಷ, ಕೆಂಪು ತುದಿ ಕಂಡಾಗಲೆಲ್ಲ ಅದೇ ಪ್ರಶ್ನೆ.

ಹಳೆಯ ಗಿರಾಕಿಗಳಲ್ಲಿ ಅವಳನ್ನು ಬಿಡದೆ ಬರುತ್ತಿದ್ದವನು ಕುದುರೆಗಾಡಿಯ ಯೇರೋ ಸೋವ್ ಒಬ್ಬನೇ. ಅವನು ದನ ಕಾಯುವ ಫುಲಾನಿ ಜನದವನು, ಇವಳು ಬೇಸಾಯದ ಸೆರೇರ್ ಜನದವಳು. ಈ ಎರಡು ಜನಕ್ಕೆ ಅಜ್ಜ ಮುತ್ತಜ್ಜರ ಕಾಲದಿಂದ ಬೈಗುಳದ ನಂಟು. ಎಷ್ಟು ಬೈದರೂ ಸಿಟ್ಟು ಮಾಡುವಂತಿಲ್ಲ, ಬೈಯದಿದ್ದರೇ ಬೇಜಾರು.

“ಏನೇ ಅನ್ನಬಾಕಿ, ಯಜಮಾನ ಬಂದ್ರೆ ಎದ್ದು ನಿಲ್ಲಬೇಕು ಅಂತ ಗೊತ್ತಿಲ್ವಾ?” ಎಂದು ಗಾಡಿಯ ಮೇಲಿಂದಲೇ ಕೂಗುತ್ತಿದ್ದ.

“ಬಾರೋ ಹಾಲುಕಳ್ಳ. ಇವತ್ತು ಯಾರ ಹಸು ಹೊಡ್ಕೊಂಡು ಬಂದೆ?”

ಅಷ್ಟೇ. ಆದರೆ ಇಡೀ ದಿನದಲ್ಲಿ ದಿಬೋರ್ ನಗುತ್ತಿದ್ದುದು ಆ ಒಂದು ಗಳಿಗೆ.

ಹೋದ ವರ್ಷ ರಂಜಾನ್ ಮುಗಿದ ಮೇಲೆ ಯೇರೋನ ಕಡ್ಡಿಯ ತುದಿಯೂ ಕೆಂಪಾಯಿತು. “ಸಕ್ಕರೆ ನೋಡಿಸ್ಕೊಳ್ಳೋ, ಹಲ್ಲುದುರಿ ಸಾಯ್ತೀಯ,” ಎಂದಳು. “ನಾನು ಸತ್ರೆ ಕುದುರೆ ನಿಂಗೇ ಸಿಗುತ್ತೆ ಅಂತ ಆಸೆ ಅಲ್ವೇನೇ?” ಎಂದು ನಕ್ಕು ಗಾಡಿ ಹೊಡೆದ. ಮರುದಿನವೂ ಅದೇ. ಮೂರು ವಾರ ಇವಳು ಹೇಳಿದಳು, ಮೂರು ವಾರ ಅವನು ನಕ್ಕ. ಬೈಗುಳದ ನಂಟಿನಲ್ಲಿ ಆಡಿದ ಮಾತನ್ನು ನಿಜ ಅಂತ ಯಾರು ತಗೊಳ್ಳುತ್ತಾರೆ? ಆಮೇಲೊಂದು ಬೆಳಿಗ್ಗೆ ಯೇರೋ, “ಈ ಜಾಲಿ ಚುಚ್ಚುತ್ತೆ ಕಣೇ, ಬೇವಿಂದು ಕೊಡು,” ಎಂದ.

ದಿಬೋರ್ ಎದ್ದು ನಿಂತಳು. ತಲೆಬಟ್ಟೆ ಸರಿಮಾಡಿಕೊಂಡಳು. ನಗಲಿಲ್ಲ, ಬೈಯಲಿಲ್ಲ.

“ಯೇರೋ ಸೋವ್ ಅವರೇ, ನನ್ನ ಗಂಡನಿಗೂ ಹೀಗೇ ಬೇವಿನ ಕಡ್ಡಿ ಕೊಟ್ಟಿದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ, ಆಸ್ಪತ್ರೆಗೆ ಹೋಗಿ.”

ಯೇರೋನ ಮುಖದ ನಗು ಹಾಗೇ ಆರಿಹೋಯಿತು. ಅವನು ಕಡ್ಡಿ ತೆಗೆದುಕೊಳ್ಳದೆ ಗಾಡಿ ಹತ್ತಿ ನೇರ ಆಸ್ಪತ್ರೆಗೆ ಹೊಡೆದ. ಸಕ್ಕರೆ ಸಿಕ್ಕಾಪಟ್ಟೆ ಏರಿತ್ತು. ಮಾತ್ರೆ ಕೊಟ್ಟರು, ವಸಡು ಶುಚಿ ಮಾಡಿದರು, ಚಹಾದ ಸಕ್ಕರೆ ಬಿಡಿಸಿದರು. ಈಗವನು ಜಗಿದ ಕಡ್ಡಿಯ ತುದಿ ಬೆಳ್ಳಗಿದೆ. ಹಲ್ಲು ಒಂದೂ ಹೋಗಿಲ್ಲ.

ಈ ಬೆಳಿಗ್ಗೆಯೂ ಅವನು ಬರುತ್ತಾನೆ. ದೂರದಲ್ಲೇ ಗಾಡಿ ನಿಲ್ಲಿಸಿ, ಇಳಿದು ನಡೆದು ಬಂದು, “ತಾಯಿ, ಕ್ಷೇಮವಾ?” ಎಂದು ತಲೆ ತಗ್ಗಿಸಿ ಕೇಳುತ್ತಾನೆ. ಎರಡೂ ಕೈಯಲ್ಲಿ ಕಡ್ಡಿ ತೆಗೆದುಕೊಂಡು ಸುಮ್ಮನೆ ಹೊರಡುತ್ತಾನೆ. ಜೀವ ಉಳಿಸಿದವಳಿಗೆ ಬೈಯಲು ಅವನ ನಾಲಗೆ ಏಳುವುದಿಲ್ಲ.

ಗಾಡಿ ಮರೆಯಾಗುವವರೆಗೂ ದಿಬೋರ್ ಅತ್ತಲೇ ನೋಡುತ್ತಾಳೆ. ನಿನಗೇನು ಬೇಕು ಎಂದು ಕೇಳಿದರೆ ಮೊರದ ಕಡ್ಡಿಗಳನ್ನು ಸರಿಮಾಡುತ್ತ ಹೇಳುತ್ತಾಳೆ:

“ಅವನು ಬದುಕಿದಾನಲ್ಲ, ಅದು ನಂಗೆ ಹೆಮ್ಮೇನೇ. ಆದ್ರೂ ಒಂದೇ ಒಂದು ದಿನ ಗಾಡಿ ಮೇಲಿಂದ್ಲೇ ‘ಏನೇ ಅನ್ನಬಾಕಿ’ ಅಂತ ಕೂಗ್ಲಿ. ಏನು ಉತ್ತರ ಕೊಡ್ಬೇಕು ಅಂತ ಆಗ್ಲೇ ಯೋಚ್ನೆ ಮಾಡಿಟ್ಕೊಂಡಿದೀನಿ.”