ಮಿಸ್ ಹಚ್ಚಿದ ಒಲೆ

ಬೆಂಕಿಕಡ್ಡಿಯನ್ನು ಅವರು ಸಿಗರೇಟು ಹಿಡಿದಂತೆ ತೋರುಬೆರಳು ಮತ್ತು ನಡುಬೆರಳ ಸಂದಿಯಲ್ಲಿ ಹಿಡಿಯುತ್ತಿದ್ದರು. ಬಲಗೈ ಹೆಬ್ಬೆರಳು ಸಂಧಿವಾತದಿಂದ ಒಳಕ್ಕೆ ಮಡಚಿಹೋಗಿತ್ತು. ಮೊದಲ ಎರಡು ಕಡ್ಡಿ ಸಾಮಾನ್ಯವಾಗಿ ಮುರಿಯುತ್ತಿದ್ದವು. ಮೂರನೆಯದು ಹತ್ತಿಕೊಂಡಾಗ ಕನ್ನಡಕದ ಗಾಜಿನಲ್ಲಿ ಎರಡು ಜ್ವಾಲೆ ಕಾಣುತ್ತಿದ್ದವು. ಒಲೆ ಹೊತ್ತಿಸಿ, ಪಾತ್ರೆಯನ್ನು ತಾವೇ ಎತ್ತಿಟ್ಟು, ನನ್ನ ಕಡೆ ತಿರುಗಿ "ಆಯ್ತಾ, ಉಡುಪಿ?" ಎನ್ನುತ್ತಿದ್ದರು. ನನ್ನ ಹೆಂಡತಿಯಿಂದ ಅವರು ಕಲಿತ ಕನ್ನಡ ಅದೊಂದೇ. ಉಳಿದದ್ದೆಲ್ಲ ಹಿಂದಿ, ನಡುನಡುವೆ ಇಂಗ್ಲಿಷ್.

ಕಲ್ಕತ್ತೆಯಲ್ಲಿ ಉಳಿದಿದ್ದ ಇಪ್ಪತ್ತು ಚಿಲ್ಲರೆ ಯಹೂದಿಗಳಲ್ಲಿ ಅವರೊಬ್ಬರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಟ್ರಾಮಿನ ಕಂಡಕ್ಟರ್ ಕೂಡ ಅವರನ್ನು 'ಮಿಸ್' ಎಂದೇ ಕರೆಯುತ್ತಿದ್ದ. ನನ್ನದು ಗರಿಯಾಹಾಟಿನಲ್ಲಿ ಸೀರೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಸಣ್ಣ ಹೋಟೆಲು. ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯಿಂದ ಈ ಊರಿಗೆ ಬಂದವನು ನಾನು. ದೋಸೆ, ಸಾಂಬಾರು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ.

ಅವರ ಜನಕ್ಕೆ ಮಾಂಸದ ವಿಷಯದಲ್ಲಿ ನೂರು ನಿಯಮ. ಆದ್ದರಿಂದ ತಮ್ಮವರ ಶುಕ್ರವಾರದ ಮತ್ತು ಹಬ್ಬದ ಊಟ ಮಾಡಿಸಲು ಮಿಸ್ ನನ್ನ ಸಸ್ಯಾಹಾರಿ ಅಡುಗೆಮನೆ ಹುಡುಕಿಕೊಂಡು ಬಂದರು. ಅವರ ಪಾತ್ರೆಗಳು ಬೇರೆ, ಅವುಗಳ ಬೀರುವಿನ ಬೀಗದ ಕೈ ಅವರ ಬಳಿ. ಎಲ್ಲಕ್ಕಿಂತ ಮುಖ್ಯ ನಿಯಮ ಇನ್ನೊಂದಿತ್ತು: ಅಡುಗೆ ಯಾರು ಮಾಡಿದರೂ ಒಲೆ ಹಚ್ಚಿ ಪಾತ್ರೆ ಇಡುವವರು ಅವರ ಜನರೇ ಆಗಬೇಕು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಬೆಂಕಿ ಮುಟ್ಟುವಂತಿಲ್ಲವಾದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ಟ್ರಾಮಿನಲ್ಲಿ ಬಂದಿಳಿದು ಒಲೆ ಹಚ್ಚುತ್ತಿದ್ದರು.

ಹಬ್ಬ, ಕಥೆ ಹೇಳುವ ಗೋಷ್ಠಿ, ಕಾಗದದ ಕಿರೀಟ ತೊಟ್ಟು ಕುಣಿಯುವ ದಿನ, ದೀಪ ಹಚ್ಚುವ ಎಂಟು ದಿನ, ಎಲ್ಲವನ್ನೂ ಮಿಸ್ ಒಬ್ಬರೇ ನಡೆಸುತ್ತಿದ್ದರು. ಪ್ರತಿಯೊಂದಕ್ಕೂ ಕೈಬರಹದ ನೋಟೀಸು. ಕೊನೆಯ ಸಾಲು ಯಾವಾಗಲೂ ಒಂದೇ: ಎಲ್ಲ ವಯಸ್ಸಿನವರಿಗೂ ಸ್ವಾಗತ.

"ಎಲ್ಲ ವಯಸ್ಸು ಅಂದರೆ ಎಷ್ಟರಿಂದ ಎಷ್ಟು ಮಿಸ್?" ಎಂದು ಒಮ್ಮೆ ಕೇಳಿದ್ದೆ.

"ಎಪ್ಪತ್ತರಿಂದ ತೊಂಬತ್ತೆರಡು. ಅರವತ್ತೈದರವನೊಬ್ಬ ಇದ್ದಾನೆ, ಗಲಾಟೆ ಮಾಡುತ್ತಾನೆ."

ದುರ್ಗಾಪೂಜೆ ಮುಗಿದು ಹುಣ್ಣಿಮೆ ಬರುವ ಹೊತ್ತಿಗೆ ಅವರದು ಎಲೆ ಚಪ್ಪರದ ಹಬ್ಬ. ಪ್ರಾರ್ಥನಾಲಯದ ಅಂಗಳದಲ್ಲಿ ಚಪ್ಪರ ಹಾಕಿ ವಾರವಿಡೀ ಅದರಡಿಯಲ್ಲೇ ಊಟ. ಬಿದಿರಿಗಾಗಿ ಮಿಸ್ ಪೂಜಾ ಪೆಂಡಾಲು ಬಿಚ್ಚುವವರ ಬೆನ್ನು ಹತ್ತುತ್ತಿದ್ದರು. ಮೊದಲ ವರ್ಷ ಮಾಡು ಹೊದಿಸುವ ಕೆಲಸ ನಾನೇ ವಹಿಸಿಕೊಂಡೆ. ಕರಾವಳಿಯವನಿಗೆ ತೆಂಗಿನ ಮಡಲು ಹೆಣೆಯುವುದನ್ನು ಹೇಳಿಕೊಡಬೇಕೆ? ಹನಿ ನೀರು ಸೋರದ ಹಾಗೆ ಬಿಗಿಯಾಗಿ ಹೆಣೆದು ಹೊದಿಸಿ, ಹೊಗಳಿಕೆಗಾಗಿ ಕಾದು ನಿಂತೆ. ಮಿಸ್ ಒಳಗೆ ಹೋಗಿ ತಲೆಯೆತ್ತಿ ನೋಡಿದರು. ನಗು ತಡೆಯಲಾಗದೆ ಬೆಂಚಿನ ಮೇಲೆ ಕುಳಿತುಬಿಟ್ಟರು.

"ಉಡುಪಿ, ಇದರೊಳಗಿಂದ ನಕ್ಷತ್ರ ಕಾಣಬೇಕು. ಇದು ಮನೆಯಲ್ಲ, ಮನೆ ಗಟ್ಟಿ ಅಲ್ಲ ಅಂತ ನೆನಪಿಸುವ ಚಪ್ಪರ. ನೀನು ಮಳೆಗಾಲಕ್ಕೆ ಕಟ್ಟಿದ್ದೀಯ!"

ಇಡೀ ಮಾಡು ಬಿಚ್ಚಿ, ಗರಿಗಳನ್ನು ಬಿಡಿಬಿಡಿಯಾಗಿ ಹರಡಿದೆ. ಇನ್ನೊಬ್ಬರ ನಿಯಮಕ್ಕೂ ಒಂದು ಅರ್ಥವಿರುತ್ತದೆ ಎಂಬುದು ಅಂದು ಅರ್ಥವಾಗಿತ್ತು. ಅರ್ಥವಾಗಿದ್ದೂ ಮುಂದಿನ ವರ್ಷ ನಾನು ಒಂದು ತಪ್ಪು ಮಾಡಿದೆ.

ಆಗ ಊರೆಲ್ಲ ಸಾಫ್ಟ್‌ವೇರ್ ಕಂಪನಿಗಳ ಮಾತು. ಕಸ್ಬಾದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿಗೆ ಮಧ್ಯಾಹ್ನದ ಊಟ ಕಳಿಸತೊಡಗಿದ್ದೆ. ಅದೇ ಅಲೆಯಲ್ಲಿ ಮುಂಬೈಯಿಂದ ಒಬ್ಬ ಯಹೂದಿ ಎಂಜಿನಿಯರು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬಂದ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ಮಿಸ್‌ಗೆ ರೆಕ್ಕೆ ಬಂದಂತಾಯಿತು. "ಈಗ ನನ್ನ ನೋಟೀಸು ಸುಳ್ಳಲ್ಲ!" ಎಂದು ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಆದರೆ ಎಂಜಿನಿಯರು ಆಚಾರದಲ್ಲಿ ಬಿಗಿ. ಒಲೆ ಹಚ್ಚಿದ್ದು ತಾವೇ ಎಂದು ಮಿಸ್ ಮಾತು ಕೊಟ್ಟರೆ ಮಾತ್ರ ಅವನ ಮನೆಯವರು ಊಟಕ್ಕೆ ಕೂರುತ್ತಿದ್ದರು.

ಚಪ್ಪರದ ಹಬ್ಬದ ಶುಕ್ರವಾರ. ಅದೇ ದಿನ ಕಸ್ಬಾದ ಕಚೇರಿಯೊಂದರಲ್ಲಿ ಪೂಜೆಯ ನಂತರದ ಸಂತೋಷಕೂಟ, ಊಟ ನನ್ನದು. ಮಿಸ್ ಹಿಂದಿನ ದಿನವೇ ಪಾತ್ರೆ ತೆಗೆದಿಟ್ಟು ಹೋಗಿದ್ದರು. ಹನ್ನೆರಡಕ್ಕೆ ಒಲೆಗಳು ಖಾಲಿಯಾದವು. ಎರಡು ಗಂಟೆಯವರೆಗೆ ಕಾದರೆ ಕಸ್ಬಾಕ್ಕೆ ನಾನೇ ಹೋಗಿ ಬಡಿಸುವುದಕ್ಕೆ ಆಗುತ್ತಿರಲಿಲ್ಲ. ಅಲ್ಲಿನ ದೊಡ್ಡವರ ಕಣ್ಣಿಗೆ ಬೀಳಬೇಕೆಂಬ ಆಸೆ ನನಗೆ.

"ಅವ್ರು ಬರುವವರೆಗೆ ಹಚ್ಬೇಡಿ ಮಾರಾಯ್ರೆ," ಎಂದಳು ಹೆಂಡತಿ.

"ಯಾರು ಹಚ್ಚಿದ್ದು ಅಂತ ಬೆಂಕಿಗೆ ಎಂತ ಗೊತ್ತುಂಟು?" ಎಂದೆ.

"ಬೆಂಕಿಗೆ ಗೊತ್ತಿಲ್ಲ. ನಿಮಗೆ ಗೊತ್ತುಂಟಲ್ಲ."

ನಾನೇ ಒಲೆ ಹಚ್ಚಿ, ಮಿಸ್ ತೆಗೆದಿಟ್ಟ ಪಾತ್ರೆಗಳಲ್ಲಿ ಅನ್ನ, ಪಲ್ಯ, ಹೆಸರುಬೇಳೆ ಪಾಯಸ ಎಲ್ಲ ಮಾಡಿ ಮುಗಿಸಿ, ಕಸ್ಬಾಕ್ಕೆ ಹೋಗಿ, ಮೆರವಣಿಗೆಯಿಂದಾಗಿ ಟ್ರಾಮು ತಡವಾಗಿ ಮಿಸ್ ಮೂರಕ್ಕೆ ಬರುವುದರೊಳಗೆ ಹಿಂದಿರುಗಿದ್ದೆ. ಬೆಂದ ಪಾತ್ರೆಗಳಿಗೆ ಮುಚ್ಚಳ ಹಾಕಿ, ಒಲೆ ಆರಿಸಿ, ಬೆಂಕಿಪೆಟ್ಟಿಗೆ ಕೈಗಿತ್ತೆ. "ಬಿಸಿಯಾಗಿದೆಯಲ್ಲ?" ಎಂದರು. "ನೀರು ಬೇರೆ ಕಡೆ ಕಾಯಿಸಿ ಹಾಕಿದ್ದೇನೆ ಮಿಸ್." ಅವರು ನಂಬಿದರು. ಎರಡು ಕಡ್ಡಿ ಮುರಿದವು, ಮೂರನೆಯದು ಹತ್ತಿತು. "ಆಯ್ತಾ, ಉಡುಪಿ?"

ಸಂಜೆ ಚಪ್ಪರದಡಿ ಎಂಜಿನಿಯರಿಗೆ ಅವರು ಹೇಳಿದ್ದು ನನಗೆ ಕೇಳಿಸಿತು: "ಒಲೆ ಹಚ್ಚಿದ್ದು ಈ ಕೈ. ನಿಶ್ಚಿಂತೆಯಿಂದ ತಿನ್ನಿ." ಚಿಕ್ಕ ಹುಡುಗಿ ಎರಡು ಸಲ ಪಾಯಸ ಹಾಕಿಸಿಕೊಂಡಳು.

ಒಂದು ವರ್ಷ ಅದನ್ನು ಹೊತ್ತು ತಿರುಗಿದೆ. ಅಷ್ಟರಲ್ಲಿ ಎಂಜಿನಿಯರು ಮುಂಬೈಗೆ ಮರಳಿದ್ದ. ಅವರ ಉಪವಾಸದ ದಿನಕ್ಕೆ ಮುಂಚೆ ಮಿಸ್ ಹೋಟೆಲಿಗೆ ಬಂದು, "ಈ ವರ್ಷ ನಿನ್ನ ಮನಸ್ಸು ನೋಯಿಸಿದ್ದರೆ ಕ್ಷಮಿಸು" ಎಂದು ಕೈ ಮುಗಿದರು. ಪ್ರತಿ ವರ್ಷ ಹಾಗೆ ಕೇಳುವುದು ಅವರ ಪದ್ಧತಿ. ಆ ಮಡಚಿದ ಹೆಬ್ಬೆರಳು ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವರ ಮುಂದಿದ್ದ ಕಾಫಿಗೆ ಕೆನೆ ಕಟ್ಟಿತು.

"ನನ್ನ ಬಾಯಿಂದ ಸುಳ್ಳು ಹೇಳಿಸಿದೆ," ಎಂದರು ಕೊನೆಗೆ. "ನನ್ನ ಪಾಲಿನದನ್ನು ಕ್ಷಮಿಸಿದೆ. ಆದರೆ ಉಂಡವರ ಪಾಲಿನದು ನನ್ನ ಕೈಯಲ್ಲಿಲ್ಲ, ದೇವರ ಕೈಯಲ್ಲೂ ಇಲ್ಲ. ಅವರನ್ನೇ ಕೇಳಬೇಕು. ಸತ್ತವರಿಗೆ ತಪ್ಪು ಮಾಡಿದ್ದರೆ ಹತ್ತು ಗಂಡಸರನ್ನು ಸಮಾಧಿಗೆ ಕರೆದೊಯ್ದು ಅವರೆದುರು ಒಪ್ಪಿಕೊಳ್ಳಬೇಕು. ಪ್ರಾರ್ಥನೆಗೇ ಹತ್ತು ಜನ ಸಿಗದ ಊರಿದು. ಬದುಕಿರುವಾಗಲೇ ಕೇಳಿಬಿಡು."

ಮಾರನೆಯ ದಿನ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಮನೆಮನೆಗೆ ಕರೆದೊಯ್ದರು. ಒಬ್ಬರು ಬಾಗಿಲು ಹಾಕಿಕೊಂಡು, ಮತ್ತೆ ತೆರೆದು ಕ್ಷಮಿಸಿದರು. ತೊಂಬತ್ತು ದಾಟಿದ ಮುದುಕರಿಗೆ ನಾಲ್ಕು ಸಲ ಹೇಳಬೇಕಾಯಿತು; ಕೇಳಿಸಿದ ಮೇಲೆ "ಪಾಯಸ ಚೆನ್ನಾಗಿತ್ತು" ಎಂದರು. ಇನ್ನು ಮುಂದೆ ಇವನ ಅಡುಗೆ ಬೇಡ ಎಂದ ಒಬ್ಬರಿಗೆ ಮಿಸ್, "ಇನ್ನು ಇವನಷ್ಟು ಎಚ್ಚರದ ಅಡುಗೆಯವನು ಸಿಗುವುದಿಲ್ಲ" ಎಂದು ಉತ್ತರ ಕೊಟ್ಟರು.

ಉಳಿದದ್ದು ಮುಂಬೈಯ ಕುಟುಂಬ. ಹಳೆಯ ನೋಟೀಸಿನ ಹಿಂಬದಿಯಲ್ಲಿ ನಂಬರು ಬರೆದುಕೊಟ್ಟರು. ಮೂರು ದಿನ ಫೋನಿನ ಮುಂದೆ ಕುಳಿತೆ. ಆ ಮನುಷ್ಯನ ಗಡಸು ದನಿ ನೆನೆದರೆ ಕೈ ಹಿಂದೆ ಬರುತ್ತಿತ್ತು. ಮುಂದಿನ ಶುಕ್ರವಾರ ಮಿಸ್ ಕಡ್ಡಿ ಗೀರುತ್ತಾ ಕೇಳಿದರು: "ಫೋನ್ ಆಯ್ತಾ, ಉಡುಪಿ?"

"ಆಯ್ತು ಮಿಸ್," ಎಂದೆ.

ತಲೆಯಾಡಿಸಿ ಒಲೆ ಹಚ್ಚಿದರು. ಮತ್ತೆಂದೂ ಕೇಳಲಿಲ್ಲ. ಇನ್ನೂ ನಾಲ್ಕು ವರ್ಷ, ಕೋಲೂರಿಕೊಂಡು ಬಂದು ಒಲೆ ಹಚ್ಚಿದರು. ಒಂದು ಮಾಘದ ಚಳಿಯಲ್ಲಿ, ನಿದ್ದೆಯಲ್ಲಿಯೇ ತೀರಿಕೊಂಡರು.

ಮಣ್ಣು ಮಾಡುವಾಗ ಪ್ರಾರ್ಥನೆಗೆ ಹತ್ತು ಗಂಡಸರು ಬೇಕಿತ್ತು. ಊರಿನಲ್ಲಿ ನಿಲ್ಲಬಲ್ಲವರು ಒಂಬತ್ತು. ಹತ್ತನೆಯವನಾಗಿ ಮುಂಬೈಯಿಂದ ಬೆಳಗಿನ ವಿಮಾನದಲ್ಲಿ ಎಂಜಿನಿಯರು ಬಂದಿದ್ದ. ಪ್ರಾರ್ಥನೆ ಮುಗಿದ ಮೇಲೆ ಅವನ ಬಳಿ ಹೋಗಿ ತಡವರಿಸುತ್ತ ಹೇಳಿದೆ.

"ನನಗೆ ಗೊತ್ತು," ಎಂದ ಅವನು. "ನೀವು ಹೇಳಿದ ದಿನವೇ ಮಿಸ್ ಫೋನ್ ಮಾಡಿ, ಗೊತ್ತಿಲ್ಲದೆ ಸುಳ್ಳು ಹೇಳಿದ್ದಕ್ಕೆ ನನ್ನ ಕ್ಷಮೆ ಕೇಳಿದರು. 'ಉಡುಪಿಯೂ ಕರೆ ಮಾಡುತ್ತಾನೆ, ಅವನೇ ಮಾಡಲಿ, ನೀನು ಮುಂಚೆ ಮಾಡಬೇಡ' ಎಂದರು. ಆಮೇಲೆ ಪ್ರತಿ ಹಬ್ಬಕ್ಕೂ ಮಾಡಿದಾಗ ಕೇಳುತ್ತಿದ್ದರು, ಬಂತಾ ಅಂತ. ಇಲ್ಲ ಎನ್ನುತ್ತಿದ್ದೆ." ನನ್ನ ಭುಜ ಮುಟ್ಟಿ, "ನಮ್ಮ ಮನೆಯವರ ಕಡೆಯಿಂದ ಏನೂ ಉಳಿದಿಲ್ಲ," ಎಂದ.

ನಾಲ್ಕು ವರ್ಷ ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ಬಂದು, ನನ್ನ ಒಲೆ ಹಚ್ಚಿ, ನಾನು ಬಡಿಸಿದ್ದನ್ನು ಉಂಡಿದ್ದರು.

ಹಸಿ ಮಣ್ಣಿನ ಸುತ್ತ ಆ ಹತ್ತು ಜನ ಇನ್ನೂ ನಿಂತಿದ್ದರು. ಹೇಳಬೇಕಾದ ಜಾಗ ಅದೇ, ಹೊತ್ತೂ ಅದೇ. ಎರಡು ಹೆಜ್ಜೆ ಮುಂದೆ ಹೋದೆ. ಹಾಗೆಯೇ ಹಿಂದಕ್ಕೆ ಸರಿದೆ. ಅವರು ಒಬ್ಬೊಬ್ಬರಾಗಿ ಕೈ ತೊಳೆದುಕೊಂಡು ಟ್ಯಾಕ್ಸಿ ಹತ್ತಿದರು. ಆಮೇಲೆ ಈ ಊರಿನಲ್ಲಿ ಅಂಥ ಹತ್ತು ಜನ ಒಟ್ಟಿಗೆ ಸೇರಿದ್ದನ್ನು ನಾನು ಕಂಡಿಲ್ಲ.

ಹೋಟೆಲು ಈಗ ಬೇರೆಯವರದು. ನಂಬರು ಬರೆದ ಆ ನೋಟೀಸು ಮಾತ್ರ ನನ್ನಲ್ಲಿದೆ. ಇದನ್ನು ಓದುವವರು ಹತ್ತು ಜನವಾದರೂ ಇರುತ್ತೀರಿ ಎಂಬ ನಂಬಿಕೆಯಿಂದ ಬರೆದಿದ್ದೇನೆ. ಅವರ ಪದ್ಧತಿಯಂತೆ ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯದು. ನೀವು ಸ್ವಲ್ಪ ಹೊತ್ತು ನಿಂತು ಕೇಳಿದರೆ ಸಾಕು.

ಮಿಸ್, ನಾನು ಫೋನ್ ಮಾಡಿರಲಿಲ್ಲ.