ಶಾಂತಕ್ಕ ಸರಿಸಿದ ನಂಬರ್

ಆಗ ನಮ್ಮ ಓಣಿಯ ನಳಕ್ಕೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಇಂಗ್ಲಿಷಿನಲ್ಲಿ ನಮಗೆಲ್ಲ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಶಬ್ದ, ನಂಬರ್. ಸೊಲ್ಲಾಪುರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರು ಕೇಳಿ. ನಳದ ಮುಂದೆ ಕೊಡ ಇಟ್ಟರೆ ನಂಬರ್ ಹಚ್ಚಿದಂತೆ. ಎಸ್ಟಿ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟೋಪಿ ಒಗೆದರೆ ನಂಬರ್ ಹಿಡಿದಂತೆ. ಸಾಲೆಯಲ್ಲಿ ಮೊದಲು ಬಂದರೆ ಪಹಿಲಾ ನಂಬರ್. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ಕಾರಖಾನೆಯ ಕಾರಕೂನರಾಗಿದ್ದ ನಮ್ಮಪ್ಪ ನೂಲನ್ನು ಬೆರಳಲ್ಲಿ ತಿಕ್ಕಿ ಅದು ಎಷ್ಟು ನಂಬರಿನದು ಎಂದು ಹೇಳುತ್ತಿದ್ದರು. ನೂಲಿನ ನಂಬರ್ ಏರಿದಷ್ಟೂ ನಯ, ಸಾಲೆಯ ನಂಬರ್ ಇಳಿದಷ್ಟೂ ಮಾನ. ಹತ್ತು ವರ್ಷಕ್ಕೇ ನನಗೆ ಇದೆಲ್ಲ ಬಾಯಿಪಾಠವಾಗಿತ್ತು.

ಆ ವರ್ಷ ನಾನು ಎರಡನೇ ನಂಬರಿನಿಂದ ಇಪ್ಪತ್ತೆರಡಕ್ಕೆ ಬಿದ್ದೆ. ಗುರುಗಳು ಹಲಗೆಯ ಮೇಲೆ ಬರೆದದ್ದು ನನಗೆ ಸುಣ್ಣ ಚೆಲ್ಲಿದಂತೆ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ. ಯಾಕೆಂದರೆ ಚಷ್ಮಾ ಹಾಕಿದ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂದು ಅವ್ವ ಯಾರದೋ ಮಾತು ಬಂದಾಗ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಇತ್ತ ಅಪ್ಪ ಅರ್ಧವಾರ್ಷಿಕ ಪರೀಕ್ಷೆಯ ಗಡುವು ಹಾಕಿ ಒಂದೇ ಮಾತಿನಲ್ಲಿ ಮುಗಿಸಿದ್ದರು.

"ಸಹಾಮಾಹಿ ಪರೀಕ್ಷಾದಾಗ ಹತ್ತರ ಒಳಗ ಬರಲಿಲ್ಲಂದ್ರ ಸಾಲಿ ಬಿಡಿಸಿ ಮನ್ಯಾಗ ಕುಂಡರಸ್ತೀನಿ, ನೋಡ."

ಅಪ್ಪ ಆಡಿದ್ದನ್ನು ಮಾಡುವವರು.

ನೀರಿನ ದಿನ ಕೊಡ ಕಾಯುವುದು ಹುಡುಗಿಯರ ಕೆಲಸ. ಸಾಲಿನಲ್ಲಿ ಕೊಡ ಇಟ್ಟು ನಾವು ದೂರದ ಕಟ್ಟೆಯ ಮೇಲೆ ಗಜಗ ಆಡುತ್ತ ಕೂರುತ್ತಿದ್ದೆವು. ಒಡತಿ ಇಲ್ಲದಿದ್ದರೂ ಹಿಂದಿನವರು ಅವಳ ಕೊಡವನ್ನು ಮುಂದೆ ಸರಿಸುತ್ತಿದ್ದರು. ಹಾಗೆ ಸರಿಸದವಳಿಗೆ ಓಣಿಯಲ್ಲಿ ಮಾತು ತಪ್ಪುತ್ತಿರಲಿಲ್ಲ. ಆದರೆ ಕೊಡ ನಳದ ಬುಡಕ್ಕೆ ಬಂದಾಗ ಒಡತಿ ಅಲ್ಲಿರಬೇಕು, ಇಲ್ಲವಾದರೆ ನಂಬರ್ ಹೋಯಿತು.

ಒಂದು ದಿನ ನಾನು ಕಟ್ಟೆಯಿಂದ ನಮ್ಮ ನೀಲಿ ಕೊಡದ ಮೇಲೆ ಕಣ್ಣಿಟ್ಟೇ ಕೂತಿದ್ದೆ. ಅದು ನಳದ ಹತ್ತಿರ ಬಂದಾಗ ಓಡಿದೆ. ಹೋಗಿ ನೋಡಿದರೆ ಅದು ಎದುರುಮನೆಯ ಶಾಂತಕ್ಕನ ಕೊಡ, ಅದೂ ನೀಲಿಯೇ! ನಮ್ಮದು ಎಂದೋ ನಳದ ಬುಡಕ್ಕೆ ಬಂದು, ಒಡತಿ ಕಾಣದೆ, ಪಕ್ಕದಲ್ಲಿ ಕೂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಶಾಂತಕ್ಕನ ಕೊಡವನ್ನು ಕಾಲಿನಿಂದ ಆಚೆ ನೂಕಿ ನಮ್ಮದನ್ನು ಇಟ್ಟೆ. ನಮ್ಮದು ತುಂಬಿತು, ನೀರು ನಿಂತಿತು. ಶಾಂತಕ್ಕನ ಮನೆಗೆ ಮೂರು ದಿನ ನೀರಿಲ್ಲ.

ಶಾಂತಕ್ಕ ನಮ್ಮ ಬಾಗಿಲಿಗೆ ಬಂದಳು. "ನೀರು ಹೋದ್ರ ಹೋಗ್ಲಿ. ಕೊಡಕ್ಕ ಕಾಲು ಹಚ್ಚತಾಳಂದ್ರ ಏನ್ರಿ ಇದು? ಇದನ್ನ ಏನ್ರಿ ಕಲಿಸೀರಿ ಹುಡುಗಿಗೆ?"

ಅಪ್ಪನ ಕೈ ನನ್ನ ಬೆನ್ನಿಗೆ ಬಿತ್ತು. ದೂರದಿಂದ ಅವರ ಕೊಡವನ್ನೇ ನಮ್ಮದೆಂದುಕೊಂಡೆ ಎಂದು ಹೇಳಿದೆ. ನಾನು ಆಯಿ ಎಂದು ಕರೆಯುತ್ತಿದ್ದ ಅಜ್ಜಿ ಮಾತ್ರ ಬೈಯಲಿಲ್ಲ, ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋಗಿ ನಮ್ಮ ಅಂಗಳದ ಕಡೆ ಬೆರಳು ತೋರಿಸಿದಳು.

"ನೋಡವ್ವಾ, ಅಲ್ಲಿ ಯಾರ ನಿಂತಾರ?"

"ಯಾರೋ ಹೆಣ್ಮಗಳು ನಿಂತಾಳ, ಆಯಿ."

"ಅಯ್ಯ ನನ್ನ ಕೂಸ! ಅದು ನಿಮ್ಮಪ್ಪನ ಲುಂಗಿ, ಒಣಗಾಕತ್ತದ. ನಿನ್ನ ಕಣ್ಣಿಗೆ ನಂಬರ ಬಂದದ."

ಇಷ್ಟು ವರ್ಷ ಬೇಕೆಂದು ಹಾರೈಸಿದ ನಂಬರೆಲ್ಲ ಬಿಟ್ಟು ಬೇಡದ ಚಷ್ಮಾದ ನಂಬರ್ ಬಂದಿತ್ತು. ಅಳು ಬಂತು, ಅತ್ತುಬಿಟ್ಟೆ. ಅವ್ವ ಅಜ್ಜಿಯ ಕೈಹಿಡಿದು, "ಇಲ್ಲಿ ತೋರಸೂದು ಬ್ಯಾಡ್ರಿ ಅತ್ತಿ, ಓಣಿಗೆಲ್ಲ ಗೊತ್ತಾಗ್ತದ" ಎಂದಳು. ಅಜ್ಜಿಯ ತವರು ಅಕ್ಕಲಕೋಟ. ಅಲ್ಲಿಗೆ ತಿಂಗಳಿಗೊಮ್ಮೆ ಹೊರಗಿನಿಂದ ಕಣ್ಣಿನ ಡಾಕ್ಟರು ಬರುತ್ತಿದ್ದರು. ಓಣಿಗೆ ಅಲ್ಲಿಯ ಗುಡಿಯ ದರ್ಶನಕ್ಕೆ ಎಂದು ಹೇಳಿ, ಶೇಂಗಾ ಹಿಂಡಿ ಸವರಿದ ರೊಟ್ಟಿ ಕಟ್ಟಿಕೊಂಡು ಅಜ್ಜಿ, ನಾನು ಇಬ್ಬರೂ ಹೊರಟೆವು. ಪರೀಕ್ಷೆಗೆ ಇಪ್ಪತ್ತು ದಿನ ಇತ್ತು.

ಡಾಕ್ಟರ ಖೋಲಿಯ ಮುಂದೆ ಬೇವಿನ ಗಿಡ. ಜನವೆಲ್ಲ ನೆರಳಲ್ಲಿ, ಬಿಸಿಲಲ್ಲಿ ಚಪ್ಪಲಿಗಳ ಸಾಲು. ಅಲ್ಲಿ ನಂಬರ್ ಹಚ್ಚುವುದೇ ಹಾಗೆ. ನನ್ನ ಚಪ್ಪಲಿ ಇಟ್ಟು ತಿರುಗಿದರೆ ಎದುರಿಗೆ ಶಾಂತಕ್ಕ! ಜೊತೆಗೆ ಅವಳ ಮಗಳು ಸುಜಾತಾ. ನನ್ನ ಮುಂದಿದ್ದ ಚಪ್ಪಲಿ ಅವಳದೇ.

"ಏನ್ರಿ ಶಾಂತಕ್ಕ, ಈ ಕಡೆ?" ಎಂದಳು ಅಜ್ಜಿ.

"ದರ್ಶನಕ್ಕ ಬಂದಿದ್ವಿರಿ."

"ನಾವೂ ದರ್ಶನಕ್ಕ ಬಂದೀವಿ ನೋಡ್ರಿ."

ಕಣ್ಣಿನ ಡಾಕ್ಟರ ಬಾಗಿಲಲ್ಲಿ ನಿಂತು ಇಬ್ಬರೂ ಮುಖ ಮುಖ ನೋಡಿಕೊಂಡರು. ಅಜ್ಜಿಗೆ ಮೊದಲು ನಗು ಬಂತು. ಶಾಂತಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಮ್ಮ ರೊಟ್ಟಿಯನ್ನು ನಾಲ್ವರೂ ತಿಂದೆವು.

ಮಧ್ಯಾಹ್ನದ ಹೊತ್ತಿಗೆ ಕಂಪೌಂಡರ್ ಹೊರಗೆ ಬಂದ. "ಡಾಕ್ಟರ ಹೊಂಟಾರ. ಒಬ್ಬರನ್ನ ನೋಡ್ತಾರ ಅಷ್ಟ. ಉಳದವ್ರು ಮುಂದಿನ ತಿಂಗಳ ಬರ್ರಿ."

ಸಾಲಿನ ಮೊದಲಿಗೆ ಸುಜಾತಾಳ ಚಪ್ಪಲಿ ಇತ್ತು, ಅದರ ಹಿಂದೆ ನನ್ನದು. ಮುಂದಿನ ತಿಂಗಳ ಹೊತ್ತಿಗೆ ಪರೀಕ್ಷೆ ಮುಗಿದು ನನ್ನ ಸಾಲೆಯೂ ಮುಗಿದಿರುತ್ತದೆ. ಆ ನಂಬರ್ ನಮಗೆ ಬಿಡಿ ಎಂದು ಕೇಳಲು ಅಜ್ಜಿಗೆ ಯಾವ ಮುಖವಿತ್ತು? ಆದರೆ ನಾನು ತಡೆಯಲಾರದೆ ಅಪ್ಪ ಹೇಳಿದ್ದನ್ನೆಲ್ಲ ಬಿಕ್ಕುತ್ತ ಶಾಂತಕ್ಕನಿಗೆ ಹೇಳಿಬಿಟ್ಟೆ.

ಶಾಂತಕ್ಕ ಮಗಳ ಮುಖ ನೋಡಿದಳು. "ಸುಜಿ, ನಿನ್ನ ತಲಿನೋವು ಒಂದ ತಿಂಗಳ ತಡೀತದಲ್ಲ?" ಸುಜಾತಾ ತಲೆಯಾಡಿಸಿದಳು. ಶಾಂತಕ್ಕ ಬಿಸಿಲಿಗೆ ಹೋಗಿ, ಬಗ್ಗಿ, ಧೂಳು ಮೆತ್ತಿದ ನನ್ನ ಚಪ್ಪಲಿಯನ್ನು ಎರಡೂ ಕೈಯಿಂದ ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಆಮೇಲೆ ನನ್ನ ಕಡೆ ನೋಡಿದಳು.

"ಕೈಲೆ ಸರಸ್ತಾರವ್ವಾ, ಕಾಲೀಲೆ ಅಲ್ಲ."

ಅಪ್ಪನ ಪೆಟ್ಟಿಗಿಂತ ಇದು ಜೋರಾಗಿ ಬಿತ್ತು. ಎಂಟು ದಿನಕ್ಕೆ ಚಷ್ಮಾ ಬಂತು. ಓಣಿಯ ಅಂಗಡಿಗಳ ಹಲಗೆಗಳನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತ ತಿರುಗಿ, "ಸಾಕ ಮಾಡ, ತಲಿ ತಿನ್ನಬ್ಯಾಡ" ಎಂದು ಅಜ್ಜಿಯಿಂದ ಬೈಸಿಕೊಂಡೆ. ಪರೀಕ್ಷೆಯಲ್ಲಿ ಒಂಬತ್ತನೇ ನಂಬರ್ ಬಂದೆ. ಅಪ್ಪ ಪೇಢೆ ತಂದರು. ಮೊದಲ ಪೇಢೆಯನ್ನು ನಾನೇ ಎದುರುಮನೆಗೆ ಒಯ್ದೆ. ಮುಂದಿನ ತಿಂಗಳು ಸುಜಾತಾಳ ಜೊತೆ ನಾವೂ ಅಕ್ಕಲಕೋಟಕ್ಕೆ ಹೋದೆವು, ನಸುಕಿನಲ್ಲೇ ಹೋಗಿ ಅವಳ ಚಪ್ಪಲಿಯನ್ನು ಮೊದಲ ನಂಬರಿಗೆ ಇಟ್ಟವಳು ನಾನು.

ಈಗ ಓಣಿಯಲ್ಲಿ ಮನೆಗೊಂದು ನೀರಿನ ಟಾಕಿ, ಮೋಟರು. ನಳದ ಕಟ್ಟೆ ಒಡೆದು ಗಾಡಿ ನಿಲ್ಲಿಸುತ್ತಾರೆ. ಹೋದ ತಿಂಗಳು ಸೊಲ್ಲಾಪುರದ ಒಂದು ಕಣ್ಣಿನ ದವಾಖಾನೆಯಲ್ಲಿ ತಂಪು ಗಾಳಿಯಲ್ಲಿ ಕುಳಿತಿದ್ದೆ, ಕೈಯಲ್ಲಿ ಟೋಕನ್ ಚೀಟಿ. ಪಕ್ಕದಲ್ಲಿ ತಡವಳ ಹಳ್ಳಿಯ ಮುದುಕಿಯೊಬ್ಬಳು, ಕಣ್ಣಿಗೆ ಬಟ್ಟೆ ಕಟ್ಟಿದ ಮೊಮ್ಮಗಳು. ಊರಿನ ಬಸ್ಸಿಗೆ ಹೊತ್ತಾಯಿತೆಂದು ಆಕೆ ಗಡಿಬಿಡಿ ಮಾಡುತ್ತಿದ್ದಳು. ನಾನು ಎದ್ದು ಹೋಗಿ ಕೌಂಟರಿನ ಹುಡುಗಿಗೆ, ನನ್ನ ನಂಬರ್ ಅವರಿಗೆ ಕೊಡವ್ವ ಎಂದೆ.

"ಹಂಗ ಆಗಂಗಿಲ್ಲರಿ ಮಾವಶಿ. ನಂಬರ ಕಂಪ್ಯೂಟರ್‌ದಾಗ ಅದ."

ಆ ಹುಡುಗಿಯದೇನೂ ತಪ್ಪಿಲ್ಲ. ಮುದುಕಿ ಮೊಮ್ಮಗಳನ್ನು ಎತ್ತಿಕೊಂಡು ಬಸ್ಸಿಗೆ ಹೊರಟುಹೋದಳು. ನಾನು ನನ್ನ ನಂಬರಿಗೆ ಒಳಗೆ ಹೋದೆ. ಕೈಯಲ್ಲಿ ಟೋಕನ್ ಚೀಟಿ ಇತ್ತು, ಎತ್ತಿ ಮುಂದಿಡಲು ಚಪ್ಪಲಿ ಇರಲಿಲ್ಲ.